ಮಿಯಾಟಾ ಟಾಪ್‌ಗೆ ಚಳಿಗಾಲದ ತಯಾರಿ: ಮೊದಲು ನೀರು ಹೋಗೋ ದಾರಿ

ಕಾರು 1995ರ ಮಾಜ್ದಾ ಎಂಎಕ್ಸ್-5 ಮಿಯಾಟಾ. ಇಬ್ಬರೇ ಕೂರುವ ಪುಟ್ಟ ಗಾಡಿ, 1.8 ಲೀಟರ್ ಎಂಜಿನ್, ಕೈಯಿಂದಲೇ ಎತ್ತಿ ಇಳಿಸುವ ಟಾಪ್, ಅಂದರೆ ಮಡಚುವ ಮಾಡು. ಆ ಟಾಪ್ ಕಪ್ಪು ವಿನೈಲ್, ಚರ್ಮದ ಹಾಗೆ ಕಾಣುವ ಪ್ಲಾಸ್ಟಿಕ್ ಹಾಳೆ. ಹಿಂದಿನ ಕಿಟಕಿ ಗಾಜಿನದ್ದಲ್ಲ, ಮೆತ್ತನೆಯ ಪಾರದರ್ಶಕ ಪ್ಲಾಸ್ಟಿಕ್. ಅದಕ್ಕೆ ಸುತ್ತ ಒಂದು ಜಿಪ್. ಗಾಡಿ ಇರುವುದು ಡೆಟ್ರಾಯ್ಟ್ ಪಕ್ಕದ ನೋವೈನಲ್ಲಿ, ಹೀಟರ್ ಇಲ್ಲದ ಗ್ಯಾರೇಜಿನಲ್ಲಿ. ಜನವರಿ ರಾತ್ರಿಗಳಲ್ಲಿ ಮೈನಸ್ 10 ಡಿಗ್ರಿ ಇಲ್ಲಿ ದೊಡ್ಡ ಸುದ್ದಿಯೇನಲ್ಲ. ಮೈನಸ್ 20 ಆದರೆ ಮಾತ್ರ ಜನ ಮಾತಾಡುತ್ತಾರೆ.

ಹತ್ತಿರದ ಫ್ಲ್ಯಾಟ್ ರಾಕ್‌ನಲ್ಲಿ ಮಾಜ್ದಾ 1987ರಲ್ಲಿ ಕಾರ್ಖಾನೆ ತೆರೆದಿತ್ತು. ಆದರೆ ಮಿಯಾಟಾ ಅಲ್ಲಿ ಹುಟ್ಟಿದ್ದಲ್ಲ, ಹಿರೋಷಿಮಾದಿಂದ ಹಡಗು ಹತ್ತಿ ಬಂದದ್ದು. 1989ರ ಶಿಕಾಗೋ ಆಟೋ ಶೋನಲ್ಲಿ ಮೊದಲು ತೋರಿಸಿದಾಗ ಹಿಮ ಕರಗಲಿ ಅಂತ ಉಪ್ಪು ಸುರಿಯುವ ಈ ಊರಿನ ರಸ್ತೆಗಳನ್ನು ಯಾರೂ ಮನಸ್ಸಿನಲ್ಲಿ ಇಟ್ಟುಕೊಂಡಿರಲಿಕ್ಕಿಲ್ಲ.

"ಏನ್ ಮಾರಾಯ, ಈ ಚಳೀಲಿ ಬಟ್ಟೆ ಮಾಡಿನ ಕಾರಾ? ಸುಮ್ನೆ ಮುಚ್ಚಿಟ್ಟು ಏಪ್ರಿಲ್‌ನಲ್ಲಿ ತೆಗಿ" ಅಂತ ತೀರ್ಥಹಳ್ಳಿ ಕಡೆಯ ಗೆಳೆಯನ ಸಲಹೆ. ಮುಚ್ಚಿಡುವುದು ಸರಿ. ಏನನ್ನು ಮುಚ್ಚಿಡುತ್ತೇವೆ ಅನ್ನುವುದು ಮುಖ್ಯ. ಒದ್ದೆ ಟಾಪ್, ಕಸ ಕಟ್ಟಿದ ನೀರಿನ ಕೊಳವೆ, ಮೂಲೆಯಲ್ಲಿ ಸಣ್ಣ ತೂತು ಇಟ್ಟುಕೊಂಡು ಮುಚ್ಚಿದರೆ ಏಪ್ರಿಲ್‌ನಲ್ಲಿ ಸಿಗುವುದು ಬೂಷ್ಟು ಹಿಡಿದ ಕಾರ್ಪೆಟ್.

ನನ್ನ ಲೆಕ್ಕದಲ್ಲಿ ಬರೀ ಚಳಿ ಟಾಪನ್ನು ಹಾಳು ಮಾಡುವುದಿಲ್ಲ. ಚಳಿಯಲ್ಲಿ ಮಡಚುವುದು ಹಾಳು ಮಾಡುತ್ತದೆ. ನಿಂತ ನೀರು ಇನ್ನೂ ಜಾಸ್ತಿ ಹಾಳು ಮಾಡುತ್ತದೆ. ಈ ಸಲದ ಕೆಲಸವನ್ನೆಲ್ಲ ಅದೇ ಕ್ರಮದಲ್ಲಿ ಯೋಚಿಸಿ ಮಾಡಿದೆ.

ಅಕ್ಟೋಬರ್: ತೊಳೆದದ್ದು

ತೊಳೆಯೋ ಕೆಲಸವನ್ನು ಅಕ್ಟೋಬರ್ ಶುರುವಿನಲ್ಲೇ ಮುಗಿಸಬೇಕು. ಹಗಲಿಗೆ 15 ಡಿಗ್ರಿ ದಾಟುವ ದಿನಗಳು ಆಮೇಲೆ ಸಿಗುವುದಿಲ್ಲ. ತೊಳೆಯಲು ಅಷ್ಟು ಬಿಸಿ ಬೇಡ, ಒಣಗಲು ಬೇಕು. ಟಾಪಿನ ಹೊಲಿಗೆಯೊಳಗೆ ಕುಳಿತ ನೀರು ಗಾಳಿಗೆ ಆರದೆ ಹಾಗೇ ಉಳಿದರೆ ಮೊದಲ ಹಿಮದ ರಾತ್ರಿ ಅಲ್ಲೇ ಗಟ್ಟಿಯಾಗುತ್ತದೆ. ನೀರು ಮಂಜುಗಡ್ಡೆ ಆಗುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಹಳೇ ದಾರಕ್ಕೆ ಅಷ್ಟು ಸಾಕು.

ಮರದ ನೆರಳಿಲ್ಲದ, ಆದರೆ ನೇರ ಬಿಸಿಲೂ ಬೀಳದ ಜಾಗದಲ್ಲಿ ಗಾಡಿ ನಿಲ್ಲಿಸಿ ಮೊದಲು ಬರೀ ನೀರು ಹಾಯಿಸಿದೆ. ಪ್ರೆಶರ್ ವಾಷರ್ ಬೇಡವೇ ಬೇಡ, ಅದು ಹೊಲಿಗೆಯ ತೂತುಗಳ ಮೂಲಕ ನೀರನ್ನು ಒಳಗೇ ನುಗ್ಗಿಸುತ್ತದೆ. ಆಮೇಲೆ ಮಾಮೂಲಿ ಕಾರ್ ಶಾಂಪೂ ಮತ್ತು ಕುದುರೆ ಕೂದಲಿನ ಮೆತ್ತನೆ ಬ್ರಷ್. ವಿನೈಲ್‌ನಲ್ಲಿ ಚರ್ಮದ ಹಾಗೆ ಸಣ್ಣ ಸಣ್ಣ ಗೆರೆಗಳಿರುತ್ತವಲ್ಲ, ಕೊಳೆ ಕೂರುವುದು ಅಲ್ಲೇ. ಹಾಗಾಗಿ ಬ್ರಷ್ಷನ್ನು ಉದ್ದಕ್ಕೂ ಅಡ್ಡಕ್ಕೂ ಆಡಿಸಬೇಕು. ಬಕೆಟ್ ನೀರು ಬೂದುಬಣ್ಣಕ್ಕೆ ತಿರುಗುವುದು ನಿಂತ ಮೇಲೆ ನೊರೆ ಪೂರ್ತಿ ಹೋಗುವವರೆಗೆ ತೊಳೆದೆ. ಬ್ಲೀಚ್ ಹಾಕಿದರೆ ಬೂಷ್ಟಿನ ಜತೆ ದಾರವೂ ಹೋಗುತ್ತದೆ.

ಪ್ಲಾಸ್ಟಿಕ್ ಕಿಟಕಿಗೆ ಬೇರೆಯೇ ಮರ್ಯಾದೆ. ಬ್ರಷ್ ಇಲ್ಲ, ಪೇಪರ್ ಟವೆಲ್ ಇಲ್ಲ, ಅಮೋನಿಯಾ ಇರುವ ಗಾಜಿನ ಕ್ಲೀನರ್ ಅಂತೂ ಇಲ್ಲವೇ ಇಲ್ಲ. ಮೊದಲು ಧಾರಾಳವಾಗಿ ನೀರು ಬಿಟ್ಟು ಮರಳಿನ ಕಣಗಳನ್ನು ತೇಲಿಸಿ ಕಳಿಸಬೇಕು. ಆಮೇಲೆ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಬೇಕು. ಒಣಗಿದ ಮೇಲೆ ಮೆಗ್ವಾಯರ್ಸ್‌ನವರ ಪ್ಲಾಸ್ಟ್‌ಎಕ್ಸ್ ಅನ್ನೋ ಪಾಲಿಶನ್ನು ಕೈಯಲ್ಲೇ ಉಜ್ಜಿದೆ. ಹೊರಗಿನ ಮಬ್ಬು ಅರ್ಧಕ್ಕರ್ಧ ಹೋಯಿತು. ಹಳೇ ಮಡಿಕೆಯ ಜಾಗದಲ್ಲಿ ಬಿಳೀ ಗೆರೆಗಳಿವೆ, ಅವು ಹೋಗುವುದಿಲ್ಲ. ಅವು ಪ್ಲಾಸ್ಟಿಕ್ಕಿನ ಮೇಲಿನ ಕೊಳೆಯಲ್ಲ, ಒಳಗಿನ ಬಿರುಕು.

ಇಲ್ಲೇ ಮಡಚುವ ವಿಷಯ ಹೇಳಿಬಿಡುತ್ತೇನೆ. ಈ ಕಿಟಕಿಯೂ ಟಾಪೂ ಎರಡೂ ಪಿವಿಸಿ. ಬರೀ ಪಿವಿಸಿ ಅಂದರೆ ನೀರಿನ ಪೈಪಿನ ಹಾಗೆ ಗಟ್ಟಿ. ಅದನ್ನು ಮೆತ್ತಗೆ ಮಾಡುವುದು ಜತೆಗೆ ಬೆರೆಸಿದ ಪ್ಲಾಸ್ಟಿಸೈಸರ್ ಅನ್ನೋ ಎಣ್ಣೆಯಂಥ ವಸ್ತು. ಚಳಿ ಜಾಸ್ತಿಯಾದಂತೆ ಅದು ಮೆತ್ತಗಿಡುವ ಕೆಲಸ ಬಿಡುತ್ತದೆ. ವರ್ಷಗಳು ಹೋದಂತೆ ಬಿಸಿಲಿಗೆ ಆ ವಸ್ತುವೇ ಸ್ವಲ್ಪ ಸ್ವಲ್ಪ ಆರಿಹೋಗುತ್ತದೆ. ಹಾಗಾಗಿ ಹೊಸ ಕಿಟಕಿ ತಡೆದುಕೊಳ್ಳುವ ಚಳಿಯನ್ನು ಹಳೇದು ತಡೆಯುವುದಿಲ್ಲ. ಸುಮಾರು 5 ಡಿಗ್ರಿಗಿಂತ ಕೆಳಗೆ ಟಾಪ್ ಇಳಿಸಬೇಡಿ ಅನ್ನೋದು ಸಾಮಾನ್ಯ ಎಚ್ಚರಿಕೆ. ಇಷ್ಟು ವಯಸ್ಸಾದ ಪ್ಲಾಸ್ಟಿಕ್ಕಿಗೆ ನಾನು 15 ಅಂತ ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಕೆಳಗೆ ಜಿಪ್ ಮುಟ್ಟುವುದಿಲ್ಲ. ಮಿಯಾಟಾದಲ್ಲಿ ಟಾಪ್ ಇಳಿಸುವ ಮೊದಲು ಕಿಟಕಿಯ ಜಿಪ್ ಬಿಚ್ಚಿ ಅದನ್ನು ಸಪಾಟಾಗಿ ಮಲಗಿಸಬೇಕು. ಜಿಪ್ ಬಿಚ್ಚದೆ ಇಳಿಸಿದವರ ಕಾರಿನ ಕಿಟಕಿ ನೋಡಿದರೇ ಗೊತ್ತಾಗುತ್ತದೆ, ಮಧ್ಯದಲ್ಲಿ ಅಡ್ಡ ಗೆರೆ.

ವಿನೈಲ್‌ಗೆ ಕೊನೆಯಲ್ಲಿ 303 ಪ್ರೊಟೆಕ್ಟೆಂಟ್ ಅನ್ನೋ, ಬಿಸಿಲಿನಿಂದ ಕಾಪಾಡುವ ದ್ರವ ಒರೆಸಿದೆ. ಬಟ್ಟೆಯ ಟಾಪ್ ಇದ್ದವರಿಗೆ ಇದು ಬೇಡ, ಅವರಿಗೆ ಬೇಕಾದ್ದು 303 ಫ್ಯಾಬ್ರಿಕ್ ಗಾರ್ಡ್ ಥರದ್ದು. ಅದು ನೂಲಿಗೆ ಅಂಟಿ ನೀರನ್ನು ಹನಿಯಾಗಿ ಜಾರಿಸುತ್ತದೆ. ಅದಕ್ಕೂ ಬೆಚ್ಚಗಿನ ದಿನ ಬೇಕು, ಚಳಿಯಲ್ಲಿ ಹೊಡೆದರೆ ಸರಿಯಾಗಿ ಹಿಡಿಯುವುದಿಲ್ಲ. ಬಟ್ಟೆಗೆ ಬೇಕಾ ಬೇಡವಾ ಅಂತ ತಿಳಿಯಲು ಒಂದು ಲೋಟ ನೀರು ಚೆಲ್ಲಿ ನೋಡಿ. ಹನಿ ನಿಂತರೆ ಸರಿ. ಬಟ್ಟೆಯ ಬಣ್ಣ ಗಾಢವಾದರೆ ನೀರು ಕುಡಿಯುತ್ತಿದೆ ಅಂತ ಅರ್ಥ.

ತೇಪೆ

ಡ್ರೈವರ್ ಕಡೆ ಬಾಗಿಲ ಗಾಜಿನ ಹಿಂದೆ, ಟಾಪ್ ಮಡಚುವಾಗ ಚೌಕಟ್ಟಿನ ಕಬ್ಬಿಣ ಉಜ್ಜುವ ಜಾಗದಲ್ಲಿ, ಬೆರಳುಗುರಿನಷ್ಟು ಒಂದು ತೂತು. ಈ ಪೀಳಿಗೆಯ ಮಿಯಾಟಾಗಳಲ್ಲಿ ಟಾಪ್ ಸವೆಯುವ ಮಾಮೂಲಿ ಜಾಗ ಅದು. ಒಳಗಿಂದ ನೋಡಿದರೆ ಬೆಳಕು ಕಾಣುತ್ತಿತ್ತು.

ಸೂಪರ್ ಗ್ಲೂ ಇಲ್ಲಿ ಉಪಯೋಗವಿಲ್ಲ. ಅದು ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಮೊದಲ ಮಡಿಕೆಗೇ ಒಡೆದು ಅಂಚನ್ನು ಇನ್ನಷ್ಟು ಹರಿಯುತ್ತದೆ. ನಾನು ಬಳಸಿದ್ದು ಎಚ್‌ಎಚ್-66 ಅನ್ನೋ ವಿನೈಲ್ ಅಂಟು. ಟಾರ್ಪಲ್, ಟ್ರಕ್ಕಿನ ಹೊದಿಕೆ ಹೊಲಿಯುವವರು ಬಳಸುವಂಥದ್ದು. ಡಬ್ಬಿ ತೆರೆದರೆ ತಲೆ ಗಿರ್ ಅನ್ನುವ ವಾಸನೆ. ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದು, ಫ್ಯಾನ್ ಹಾಕಿಕೊಂಡೇ ಕೆಲಸ ಮಾಡಬೇಕು. ಹತ್ತಿರ ಹೀಟರ್, ಬೆಂಕಿ ಏನೂ ಇರಬಾರದು.

ತೇಪೆ ಹಾಕಿದ್ದು ಒಳಗಿಂದ. ಹೊರಗಿಂದ ಹಾಕಿದರೆ ಗಾಳಿ ಅಂಚನ್ನು ಎಬ್ಬಿಸುತ್ತದೆ. ಹೈವೇಯಲ್ಲಿ ಟಾಪ್ ಮೇಲಕ್ಕೆ ಉಬ್ಬುವುದನ್ನು ನೋಡಿದ್ದೀರಲ್ವಾ? ಓಡುವಾಗ ಮೇಲಿನ ಗಾಳಿಯ ಒತ್ತಡ ಕಡಿಮೆ, ಒಳಗಿನದ್ದು ಜಾಸ್ತಿ. ಹಾಗಾಗಿ ಒಳಗಿನ ತೇಪೆಯನ್ನು ಆ ಒತ್ತಡವೇ ತೂತಿಗೆ ಒತ್ತಿ ಹಿಡಿಯುತ್ತದೆ.

ತೂತಿಗಿಂತ ಎಲ್ಲ ಕಡೆಯೂ 2 ಸೆಂಟಿಮೀಟರ್ ದೊಡ್ಡದಾಗಿ ವಿನೈಲ್ ತುಂಡು ಕತ್ತರಿಸಿದೆ. ಮೂಲೆಗಳನ್ನು ದುಂಡಗೆ ಮಾಡಿದೆ, ಚೂಪು ಮೂಲೆ ಮೊದಲು ಏಳುತ್ತದೆ. ಟಾಪಿನ ಒಳಮೈಗೆ ತೆಳ್ಳನೆ ಬಟ್ಟೆ ಇದೆ. ಅದು ಅಂಟನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಆ ಕಡೆ ಎರಡು ಸಲ ಹಚ್ಚಬೇಕು. ಮೊದಲು ಎರಡೂ ಕಡೆ ಸ್ಪಿರಿಟ್‌ನಿಂದ ಒರೆಸಿ ಆರಿಸಿದೆ. ಅಂಟು ತೆಳ್ಳಗೆ ಬಳಿದು, ಬೆರಳಿಗೆ ಜಿಗುಟಾಗಿ ತಾಗುವವರೆಗೆ ಕಾದು, ಆಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒತ್ತುತ್ತಾ ಹೋದೆ. ಒಮ್ಮೆ ತಾಗಿದರೆ ಸರಿಸಲು ಆಗುವುದಿಲ್ಲ. ಹೊರಗಿನಿಂದ ಮರದ ಹಲಗೆ ತುಂಡು ಕೊಟ್ಟು, ಒಳಗಿನಿಂದ ಚಿಕ್ಕ ರೋಲರ್ ಉರುಳಿಸಿದೆ. ತೂತಿನ ಹೊರ ಅಂಚಿಗೂ ಕಡ್ಡಿಯ ತುದಿಯಿಂದ ಸ್ವಲ್ಪ ಅಂಟು ತುಂಬಿದೆ. ಇಲ್ಲದಿದ್ದರೆ ಆ ಗುಳಿಯಲ್ಲೇ ಒಂದು ಹನಿ ನೀರು ಕೂತು ಬಟ್ಟೆಗೆ ಇಳಿಯುತ್ತದೆ. ಒಂದು ಇಡೀ ದಿನ ಮುಟ್ಟಲಿಲ್ಲ.

ಇಷ್ಟು ಸಹನೆ ಇಲ್ಲದವರಿಗೆ ಟೇರ್-ಏಯ್ಡ್ ಅನ್ನೋ ಸ್ಟಿಕ್ಕರ್ ತೇಪೆ ಇದೆ. ತರುವಾಗ ಬಿ ಟೈಪ್ ತರಬೇಕು. ಎ ಟೈಪ್ ವಿನೈಲ್‌ಗೆ ಅಲ್ಲ.

ನೀರಿನ ದಾರಿ

ಇನ್ನು ನಿಜವಾದ ಕೆಲಸ. ಟಾಪ್ ಮೇಲೆ ಬಿದ್ದ ನೀರು ಎಲ್ಲಿ ಹೋಗುತ್ತದೆ? ತಗಡಿನ ಮಾಡಿನ ಕಾರಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಮಿಯಾಟಾದಲ್ಲಿ ಟಾಪಿನ ಹಿಂಬದಿ ಅಂಚು ಬಾಡಿಯ ತಗಡಿನೊಳಗೆ ಇಳಿಯುತ್ತದೆ. ಅಲ್ಲಿ ಒಳಗಡೆ ಒಂದು ಪ್ಲಾಸ್ಟಿಕ್ ಪಟ್ಟಿ ಉದ್ದಕ್ಕೂ ಹಾದುಹೋಗಿದೆ, ರೇನ್ ರೈಲ್ ಅಂತಾರೆ. ಮಲೆನಾಡಿನ ಮನೆಗಳಲ್ಲಿ ಮಾಡಿನ ಅಂಚಿಗೆ ಅಡಿಕೆ ಮರದ ದಂಬೆ ಕಟ್ಟುತ್ತಾರಲ್ಲ, ಇದೂ ಅದೇ ಕೆಲಸ ಮಾಡುತ್ತದೆ. ಜಾರಿ ಬಂದ ನೀರನ್ನು ಹಿಡಿದು ಎಡಕ್ಕೂ ಬಲಕ್ಕೂ ಸಾಗಿಸುತ್ತದೆ. ಸೀಟುಗಳ ಹಿಂದೆ ಎರಡೂ ಕಡೆ ಸೀಟ್ ಬೆಲ್ಟಿನ ಗೋಪುರಗಳಿವೆ. ಅವುಗಳ ಹಿಂದಿನ ಮೂಲೆಯಲ್ಲಿ ಒಂದೊಂದು ತೂತು. ಅಲ್ಲಿಂದ ಕೊಳವೆ ಬಾಡಿಯ ಒಳಗೇ ಇಳಿದು ಹಿಂಚಕ್ರದ ಸ್ವಲ್ಪ ಮುಂದೆ, ಕಾರಿನ ಹೊಟ್ಟೆಯಡಿ ಬಾಯಿ ಬಿಡುತ್ತದೆ.

ಈ ಕೊಳವೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ಉಕ್ಕಿ ಸೀಟಿನ ಹಿಂದಿನ ಕಾರ್ಪೆಟ್‌ಗೆ ಬರುತ್ತದೆ. ನಮ್ಮ ಜನ ತಕ್ಷಣ "ಟಾಪ್ ಸೋರ್ತಿದೆ" ಅಂತಾರೆ. ಹೊಸ ಟಾಪ್ ಹಾಕಿಸಿ ದುಡ್ಡು ಕಳೆದುಕೊಂಡವರೂ ಇದ್ದಾರೆ. ಟಾಪ್ ಸೋರಿರುವುದಿಲ್ಲ, ಚರಂಡಿ ಕಟ್ಟಿರುತ್ತದೆ.

ಇದರಲ್ಲಿ ಚಳಿಗಾಲದ ಪಾತ್ರ ಏನು? ಮೈನಸ್ 15ರಲ್ಲಿ ಏನೂ ಆಗುವುದಿಲ್ಲ. ಎಲ್ಲ ಗಟ್ಟಿ, ಹರಿಯಲು ನೀರೇ ಇಲ್ಲ. ತೊಂದರೆ ಸೊನ್ನೆಯ ಆಚೀಚೆ ಓಲಾಡುವ ದಿನಗಳದ್ದು. ಹಗಲು 3 ಡಿಗ್ರಿ, ಹಿಮ ಕರಗಿ ನೀರು ಕೊಳವೆಗೆ ಇಳಿಯುತ್ತದೆ. ಕಸ ಇದ್ದರೆ ಅರ್ಧದಲ್ಲಿ ನಿಲ್ಲುತ್ತದೆ. ರಾತ್ರಿ ಮೈನಸ್ 4, ನಿಂತದ್ದು ಬಿರಡೆಯಾಗುತ್ತದೆ. ಮರುದಿನ ಟಾಪ್ ಮೇಲಿನ ಹಿಮ ಬಿಸಿಲಿಗೆ ಕರಗುತ್ತದೆ, ನೆರಳಿನಲ್ಲಿರುವ ಕೊಳವೆಯ ಗಡ್ಡೆ ಕರಗುವುದಿಲ್ಲ. ನೀರಿಗೆ ಉಳಿದ ದಾರಿ ಕಾರಿನೊಳಗೆ ಮಾತ್ರ. ಫೆಬ್ರವರಿ ಕೊನೆಯಿಂದ ಮಾರ್ಚ್ ಪೂರ್ತಿ ಮಿಷಿಗನ್‌ನಲ್ಲಿ ಇದೇ ಆಟ.

ಕೊಳವೆಯ ಕೆಳಬಾಯಿಗೆ ಇನ್ನೊಂದು ಶತ್ರು ಇದೆ, ಉಪ್ಪು. ಡೆಟ್ರಾಯ್ಟ್ ನಗರದ ಅಡಿಯಲ್ಲೇ, 300 ಮೀಟರಿಗೂ ಜಾಸ್ತಿ ಆಳದಲ್ಲಿ ಉಪ್ಪಿನ ಗಣಿ ಇದೆ. ಹಾಗಾಗಿ ರಸ್ತೆಗೆ ಉಪ್ಪು ಸುರಿಯಲು ಈ ಊರಿನವರು ಹಿಂದೆಮುಂದೆ ನೋಡುವುದಿಲ್ಲ. ಚಕ್ರ ಎರಚಿದ ಉಪ್ಪುಕೆಸರು ನೇರ ಆ ಬಾಯಿಗೇ ಬಡಿಯುತ್ತದೆ. ಅಲ್ಲಿನ ಸಿಲ್ ಅಂದರೆ ಬಾಗಿಲ ಕೆಳಗಿನ ಪೆಟ್ಟಿಗೆ ತಗಡು, ಹಿಂಚಕ್ರದ ಮುಂದಿನ ಭಾಗದಲ್ಲಿ ಒಳಗಿಂದ ತುಕ್ಕು ಹಿಡಿಯುವುದು ಈ ಕಾರಿನ ಜಾತಿ ರೋಗ. ಹೊರಗೆ ಬಣ್ಣದಲ್ಲಿ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಅರ್ಧ ಕೆಲಸ ಮುಗಿದಿರುತ್ತದೆ.

ಬಿಸಿಲಿನ ಮಧ್ಯಾಹ್ನ ಕಿಟಕಿಯ ಜಿಪ್ ಬಿಚ್ಚಿ ಮಲಗಿಸಿದೆ. ಮೂಲೆಗೆ ಟಾರ್ಚ್ ಬಿಟ್ಟೆ. ಬಲಗಡೆ ತೂತಿನ ಸುತ್ತ ಕಂದು ಬಣ್ಣದ ಗಸಿ, ಅದರ ಮೇಲೆ ಮೇಪಲ್ ಬೀಜದ ರೆಕ್ಕೆಗಳು, ಪೈನ್ ಸೂಜಿಗಳು. ಎಡಗಡೆ ತೂತೇ ಕಾಣಲಿಲ್ಲ. ಕಪ್ಪು ಮಣ್ಣು, ಅದರೊಳಗೆ ಟಾಪಿನದ್ದೇ ಬಟ್ಟೆಯ ನೂಲು ಹೆಣೆದುಕೊಂಡು ಕಂಬಳಿಯ ಹಾಗೆ ಹಾಸಿತ್ತು. ಉದ್ದ ಚಿಮಟದಿಂದ ಎಳೆದರೆ ಒಂದೇ ತುಂಡಾಗಿ ಬಂತು. ಅದರ ಅಡಿಯಲ್ಲಿ ಒಂದು ಪುಟ್ಟ ಸಸಿ ಮೊಳೆತು ಬೆಳ್ಳಗೆ ಬಾಗಿಕೊಂಡಿತ್ತು. ಬೀಜ ಮೊಳೆಯುವಷ್ಟು ದಿನ ಅಲ್ಲಿ ನೀರು ನಿಂತಿದೆ ಅಂತಾಯಿತು.

ಸಡಿಲ ಕಸವನ್ನೆಲ್ಲ ವ್ಯಾಕ್ಯೂಮ್‌ನ ಬಾಯಿಗೆ ತೆಳ್ಳನೆ ಪೈಪ್ ಟೇಪ್ ಸುತ್ತಿ ಎಳೆದೆ. ಮೊದಲು ಎಳೆಯಬೇಕು, ಆಮೇಲೆ ತಳ್ಳಬೇಕು. ಮೊದಲೇ ತಳ್ಳಿದರೆ ಕಸ ತಿರುವಿನಲ್ಲಿ ಹೋಗಿ ಜಡಿದುಕೊಳ್ಳುತ್ತದೆ. ತಳ್ಳಲು ಬಳಸಿದ್ದು ಹುಲ್ಲು ಕತ್ತರಿಸುವ ಟ್ರಿಮ್ಮರಿನ ದಪ್ಪ ನೈಲಾನ್ ದಾರ. ತುದಿಯನ್ನು ಲೈಟರಿನಿಂದ ಕರಗಿಸಿ ಗುಂಡು ಮಾಡಿಕೊಂಡೆ, ಇಲ್ಲದಿದ್ದರೆ ಕೊಳವೆಗೆ ಚುಚ್ಚುತ್ತದೆ. ಟ್ರಾಂಬೋನ್ ತೊಳೆಯುವ ಸ್ಪ್ರಿಂಗ್ ಬ್ರಷ್ ಕೂಡ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ವಾದ್ಯದ ಅಂಗಡಿಯಲ್ಲಿ ಸಿಗುತ್ತದೆ. ತಂತಿ ಮಾತ್ರ ಬೇಡ. ಕಂಪ್ರೆಸರ್ ಗಾಳಿಯೂ ಬೇಡ. ಹಳೇ ಕೊಳವೆಯ ಜೋಡಣೆ ಒಳಗೇ ಕಳಚಿಕೊಂಡರೆ ನೀರು ಸೀದಾ ಸಿಲ್ ಒಳಗೆ ಹೋಗುತ್ತದೆ, ಮೇಲಿಂದ ನೋಡಿದರೆ ಎಲ್ಲ ಸರಿಯಾದ ಹಾಗೇ ಕಾಣುತ್ತದೆ. ಆ ಮೋಸ ಕಟ್ಟಿಕೊಂಡದ್ದಕ್ಕಿಂತ ಕೆಟ್ಟದ್ದು.

ಬಲಗಡೆ ಸಲೀಸಾಗಿ ಆಯಿತು. ಎಡಗಡೆ ದಾರ ಮುಕ್ಕಾಲು ಹೋಗಿ ನಿಂತಿತು. ಗಾಡಿಯನ್ನು ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಕೆಳಗೆ ಮಲಗಿ ನೋಡಿದರೆ ಕೊಳವೆಯ ಬಾಯಿ ಸಿಮೆಂಟಿನಂತೆ ಒಣಗಿದ ಕೆಸರಿನಲ್ಲಿ ಮುಚ್ಚಿತ್ತು. ಬಿಸಿನೀರಿನ ಬಟ್ಟೆ ಒತ್ತಿ ನೆನೆಸಿ, ಪ್ಲಾಸ್ಟಿಕ್ ಕಡ್ಡಿಯಿಂದ ಕೆದಕುತ್ತಾ ಹೋದೆ. ಒಂದು ಹಂತದಲ್ಲಿ ಪುಳಕ್ ಅಂತ ಬಿಟ್ಟುಕೊಂಡಿತು. ಒಳಗೆ ಕಾಯುತ್ತಿದ್ದ ಕರೀ ನೀರು ಪೂರ್ತಿ ಅಂಗಿಯ ತೋಳಿನೊಳಗೆ. ಕನ್ನಡಕ ಹಾಕಿಕೊಂಡೇ ಕೆಳಗೆ ಹೋಗಿ.

ಆಮೇಲಿನ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ. ಕೊಳವೆಯ ಕೆಳಗೆ ಅಗಲದ ಟ್ರೇ ಇಟ್ಟೆ. ಮೇಲಿನಿಂದ ಅಳೆದ ಒಂದು ಲೀಟರ್ ನೀರನ್ನು ನಿಧಾನಕ್ಕೆ ಹುಯ್ದೆ. ಟ್ರೇಗೆ ಬಂದದ್ದನ್ನು ಮತ್ತೆ ಅಳೆದೆ. ಬಲಗಡೆ ಹತ್ತಿರ ಹತ್ತಿರ ಅಷ್ಟೂ ಬಂತು. ಎಡಗಡೆಯೂ ಬಂತು, ಸ್ವಲ್ಪ ನಿಧಾನ. "ಕೆಳಗಿಂದ ನೀರು ಬಂತು" ಅನ್ನೋದು ಸಾಲದು. ಎಷ್ಟು ಹಾಕಿದ್ದು, ಎಷ್ಟು ಬಂದದ್ದು ಅನ್ನೋದು ಬೇಕು. ಅರ್ಧ ಲೀಟರ್ ಕಾಣೆಯಾದರೆ ಅದು ಸಿಲ್‌ನಲ್ಲಿ ಇದೆ. ಅಲ್ಲಿ ಕೂತು ತುಕ್ಕು ಹಿಡಿಸುತ್ತದೆ.

ರೇನ್ ರೈಲಿನ ಉದ್ದಕ್ಕೂ ಬೆರಳಾಡಿಸಿ ನೋಡಿದೆ. ಹಳೇದಾದಾಗ ಇದು ಮಡಚುವ ಮೂಲೆಗಳಲ್ಲಿ ಒಡೆಯುತ್ತದೆ. ನನ್ನದು ಬಣ್ಣಗೆಟ್ಟಿದೆ, ಒಡೆದಿಲ್ಲ. ಒಡೆದಿದ್ದರೆ ಹಿಂಬದಿ ಅಂಚಿನ 10 ಎಂಎಂ ನಟ್‌ಗಳನ್ನೆಲ್ಲ ಬಿಚ್ಚಿ, ಟಾಪಿನ ಹಿಂಭಾಗವನ್ನೇ ಎಬ್ಬಿಸಬೇಕಿತ್ತು. ಆ ಕೆಲಸಕ್ಕೆ ಕೈ ಹಾಕುವವರು ಅದರ ಜತೆಗೇ ಹೊಸ ಟಾಪನ್ನೂ ಹಾಕಿಬಿಡುವುದು ಒಳ್ಳೇದು.

ಬೀಡಿಂಗ್ ಮತ್ತು ಜಿಪ್

ಈ ಕಾರಿನ ಬಾಗಿಲಿಗೆ ಗಾಜಿನ ಸುತ್ತ ಫ್ರೇಮ್ ಇಲ್ಲ. ಗಾಜು ನೇರ ರಬ್ಬರ್ ಬೀಡಿಂಗ್‌ಗೆ ಒತ್ತಿ ಕೂರುತ್ತದೆ. ರಾತ್ರಿ ತೇವ ಹೆಪ್ಪುಗಟ್ಟಿದರೆ ಗಾಜೂ ರಬ್ಬರೂ ಒಂದೇ ಆಗುತ್ತವೆ. ಆಗ ಬಾಗಿಲನ್ನು ಜಗ್ಗಿದರೆ ರಬ್ಬರಿನ ತುಟಿ ಕಿತ್ತುಬರುತ್ತದೆ. ಈಗಿನ ಕೆಲವು ಕನ್ವರ್ಟಿಬಲ್‌ಗಳಲ್ಲಿ ಹ್ಯಾಂಡಲ್ ಎಳೆದ ತಕ್ಷಣ ಗಾಜು ತಾನಾಗೇ ಸ್ವಲ್ಪ ಇಳಿಯುತ್ತದೆ. ಇದರಲ್ಲಿ ಆ ಸುಖ ಇಲ್ಲ.

ಬೀಡಿಂಗನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸಿಲಿಕೋನ್ ಗ್ರೀಸನ್ನು ಬೆರಳಿನಿಂದ ತೆಳ್ಳಗೆ ಸವರಿದೆ. ಹೊಳಪು ಕಾಣಿಸಿದರೆ ಜಾಸ್ತಿಯಾಯಿತು ಅಂತ, ಒರೆಸಿ ತೆಗೆಯಬೇಕು. ಗುಮ್ಮಿ ಫ್ಲೇಗ ಅನ್ನೋ ಜರ್ಮನ್ ಸ್ಟಿಕ್ ಕೂಡ ಇದೇ ಕೆಲಸಕ್ಕೆ. ಪೆಟ್ರೋಲಿಯಂ ಜೆಲ್ಲಿ, ಎಂಜಿನ್ ಎಣ್ಣೆ ಬೇಡ, ರಬ್ಬರ್ ಉಬ್ಬಿ ಜಿಗಟಾಗುತ್ತದೆ. ಜಿಪ್‌ನ ಹಲ್ಲುಗಳಿಗೆ ಮನೆಯ ಮೇಣದಬತ್ತಿ ಉಜ್ಜಿದೆ, ಅಷ್ಟು ಸಾಕು.

ನವೆಂಬರ್: ನಿಲ್ಲಿಸಿದ್ದು

ಟಾಪ್ ಮೇಲೆತ್ತಿ, ಕಿಟಕಿ ಜಿಪ್ ಹಾಕಿ ನಿಲ್ಲಿಸಬೇಕು. ಜಾಗ ಉಳಿಯುತ್ತದೆ, ಧೂಳು ಬೀಳುವುದಿಲ್ಲ ಅಂತ ಮಡಚಿಟ್ಟರೆ ಮಡಿಕೆ ಕಾಯಂ ಆಗುತ್ತದೆ, ವಿನೈಲ್ ಕುಗ್ಗುತ್ತದೆ. ವಸಂತದಲ್ಲಿ ಮುಂದಿನ ಕೊಕ್ಕೆಗಳು ವಿಂಡ್‌ಶೀಲ್ಡ್ ಅಂಚಿಗೆ ಎಟುಕುವುದೇ ಇಲ್ಲ. ಇದಲ್ಲದೆ ಮಡಚಿದ ಟಾಪಿನ ಹಿಂದಿನ ಗುಂಡಿ ಇಲಿಗಳಿಗೆ ಹೇಳಿಮಾಡಿಸಿದ ಬಾಣಂತಿ ಕೋಣೆ. ಗ್ಯಾರೇಜಿನ ಗೋಡೆ ಬದಿಗೆ ಬೋನು ಇಟ್ಟಿದ್ದೇನೆ. ನುಸಿಗುಳಿಗೆ ಹಾಕುವವರಿದ್ದಾರೆ. ಇಲಿ ಹೋಗುತ್ತೋ ಇಲ್ಲವೋ, ವಾಸನೆ ಮಾತ್ರ ಜೂನ್‌ವರೆಗೂ ಹೋಗುವುದಿಲ್ಲ.

ಮೇಲೆ ಹೊದಿಸಿದ್ದು ಗಾಳಿಯಾಡುವ ಬಟ್ಟೆಯ ಕವರ್. ನೀಲಿ ಟಾರ್ಪಲ್ ಅಲ್ಲ. ಟಾರ್ಪಲ್ ತೇವವನ್ನು ಒಳಗೇ ಹಿಡಿದಿಡುತ್ತದೆ, ಹೊರಗೆ ನಿಲ್ಲಿಸಿದ್ದರೆ ಗಾಳಿಗೆ ಪಟಪಟ ಹೊಡೆದು ಪ್ಲಾಸ್ಟಿಕ್ ಕಿಟಕಿಯನ್ನು ಮರಳುಕಾಗದದಂತೆ ಉಜ್ಜುತ್ತದೆ. ಕಾರಿನೊಳಗೆ ಸಿಲಿಕಾ ಜೆಲ್ ಚೀಲಗಳನ್ನು ಇಟ್ಟೆ. ಅವು ತೇವ ಕುಡಿದ ಮೇಲೆ ಓವನ್‌ನಲ್ಲಿ ಒಣಗಿಸಿ ಮತ್ತೆ ಇಡಬಹುದು. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಅಗ್ಗ, ಜೋರಾಗೂ ಕೆಲಸ ಮಾಡುತ್ತವೆ. ಆದರೆ ಅದರಲ್ಲಿ ಕೂಡುವುದು ಉಪ್ಪುನೀರು. ಒಂದು ಸಲ ಮಗುಚಿದರೆ ರಸ್ತೆಯ ಉಪ್ಪನ್ನು ನಾವೇ ಒಳಗೆ ತಂದ ಹಾಗೆ.

ಬ್ಯಾಟರಿ ಈ ಕಾರಿನಲ್ಲಿ ಡಿಕ್ಕಿಯ ಬಲಮೂಲೆಯಲ್ಲಿದೆ, ಚಾರ್ಜರಿನ ವೈರನ್ನು ಡಿಕ್ಕಿಯ ಬೀಡಿಂಗ್ ಮೇಲಿಂದ ಎಳೆದೆ. ಟ್ಯಾಂಕ್ ತುಂಬಿಸಿ ಪೆಟ್ರೋಲ್ ಕೆಡದ ಹಾಗೆ ಸ್ಟೆಬಿಲೈಸರ್ ಹಾಕಿದ್ದು, ಟೈರಿಗೆ ಗಾಳಿ ಜಾಸ್ತಿ ತುಂಬಿದ್ದು, ಇವೆಲ್ಲ ಯಾವ ಕಾರಿಗೂ ಮಾಡುವಂಥವೇ.

ಜನವರಿ: ಹೊರಗೆ, ಹಿಮದಲ್ಲಿ

ಮನೆ ಕೆಲಸದ ಸಾಮಾನಿಗೆ ಗ್ಯಾರೇಜ್ ಬೇಕಾಗಿ ಮಿಯಾಟಾ ಕೆಲವು ದಿನ ಡ್ರೈವ್‌ವೇನಲ್ಲಿ ನಿಲ್ಲಬೇಕಾಯಿತು. ಆಗಲೇ ಹಿಮ ಬಿತ್ತು.

ಹಿಮದ ಭಾರ ಕಣ್ಣಿಗೆ ಗೊತ್ತಾಗುವುದಿಲ್ಲ. ಹೊಸ ಪುಡಿ ಹಿಮ ಒಂದು ಘನ ಮೀಟರಿಗೆ 100 ಕೆಜಿಯ ಆಸುಪಾಸು ಅಂತ ಇಟ್ಟುಕೊಳ್ಳಿ. 20 ಸೆಂಟಿಮೀಟರ್ ಬಿದ್ದರೆ ಟಾಪಿನ ಒಂದು ಚದರ ಮೀಟರಿಗೆ 20 ಕೆಜಿ. ಅಷ್ಟೇ ದಪ್ಪದ ಹಿಮ ನೀರು ಕುಡಿದು ಕೂತದ್ದಾದರೆ ಘನ ಮೀಟರಿಗೆ 300 ಕೆಜಿಯ ಲೆಕ್ಕ, ಅಂದರೆ ಚದರ ಮೀಟರಿಗೆ 60 ಕೆಜಿ. ಟಾಪಿನ ಅಡ್ಡ ಕಮಾನುಗಳು ತೆಳ್ಳನೆ ಕಬ್ಬಿಣ. ಅಷ್ಟು ಭಾರಕ್ಕೆ ಅವುಗಳ ಮಧ್ಯದ ವಿನೈಲ್ ಜೋಲುತ್ತದೆ, ಜೋತ ಜಾಗದಲ್ಲಿ ಕರಗಿದ ನೀರು ಕೆರೆಯಾಗಿ ನಿಲ್ಲುತ್ತದೆ. ಆದ್ದರಿಂದ ಹಿಮ ಬೀಳುತ್ತಿರುವಾಗಲೇ ಆಗಾಗ ಹೋಗಿ ತೆಗೆದುಬಿಡಬೇಕು.

ತೆಗೆಯಲು ಫೋಮ್ ತಲೆಯ ಬ್ರಷ್. ಮಾಮೂಲಿ ಹಿಮದ ಬ್ರಷ್‌ನ ಕೂದಲ ನಡುವೆ ಕಳೆದ ವಾರದ ಉಪ್ಪೂ ಮರಳೂ ಹೆಪ್ಪುಗಟ್ಟಿ ಕೂತಿರುತ್ತದೆ. ತಗಡಿಗೇ ಅದು ಗೀರು ಹಾಕುತ್ತದೆ, ಪ್ಲಾಸ್ಟಿಕ್ಕನ್ನು ಬಿಡುತ್ತದಾ? ಟಾಪಿನ ಮಧ್ಯದಿಂದ ಬದಿಗಳಿಗೆ ತಳ್ಳಬೇಕು, ಹಿಂದಕ್ಕೆ ಅಲ್ಲ. ಹಿಂದಕ್ಕೆ ತಳ್ಳಿದ್ದೆಲ್ಲ ಕಿಟಕಿ ಮತ್ತು ಬಾಡಿಯ ಸಂದಿಯಲ್ಲಿ, ಅಂದರೆ ಸರಿಯಾಗಿ ರೇನ್ ರೈಲಿನ ಮೇಲೆ ಹೋಗಿ ಕೂರುತ್ತದೆ. ಆ ಸಂದಿಯ ಹಿಮವನ್ನು ಗ್ಲೌಸ್ ಹಾಕಿದ ಕೈಯಿಂದಲೇ ಗೋರಿ ತೆಗೆದೆ. ಕೊನೆಯ ತೆಳ್ಳನೆ ಪದರ ಅಂಟಿಕೊಂಡಿದ್ದರೆ ಬಿಟ್ಟುಬಿಡಿ. ಗಡ್ಡೆಯನ್ನು ಕುಟ್ಟಿದರೆ ಅದರ ಜತೆ ಕೆಳಗಿನ ವಿನೈಲೂ ಒಡೆಯುತ್ತದೆ. ಸ್ಕ್ರೇಪರ್ ಮುಂದಿನ ಗಾಜಿಗೆ ಮಾತ್ರ.

ಬಿಸಿನೀರು ಹುಯ್ಯಬೇಡಿ. ಈ ಚಳಿಯಲ್ಲಿ ಅದು ರೈಲಿಗೆ ಇಳಿದು ಐದೇ ನಿಮಿಷಕ್ಕೆ ಇನ್ನೂ ಗಟ್ಟಿ ಗಡ್ಡೆಯಾಗುತ್ತದೆ. ಎಂಜಿನ್ ಹಾಕಿ ಹೀಟರನ್ನು ಕಡಿಮೆಯಲ್ಲಿಟ್ಟು ಕಾಯುವುದೇ ದಾರಿ. ಕಾರು ಹೊರಗೆ ನಿಂತಿರಬೇಕು, ಗ್ಯಾರೇಜಿನೊಳಗೆ ಎಂಜಿನ್ ಓಡಿಸಬಾರದು. ಎಕ್ಸಾಸ್ಟ್ ಬಾಯಿಯ ಹಿಮವನ್ನು ಮೊದಲು ತೆಗೆಯಬೇಕು. ಬಾಗಿಲು ಹಿಡಿದುಕೊಂಡಿದ್ದರೆ ಮೊದಲು ಅಂಗೈಯಿಂದ ಒಳಕ್ಕೆ ಒತ್ತಿ. ಟಿಕ್ ಅಂತ ಗಡ್ಡೆ ಬಿರಿದ ಸದ್ದು ಬಂದ ಮೇಲೆ ಎಳೆಯಿರಿ.

ಹೊರಗಿನ ಹಿಮಕ್ಕಿಂತ ಒಳಗಿನ ತೇವ ಕಾಟ ಕೊಟ್ಟಿತು. ಎರಡು ಶೂಗಳಲ್ಲಿ ಬಂದ ಹಿಮ ಕರಗಿ, ನಮ್ಮ ಉಸಿರೂ ಸೇರಿ, ಪ್ಲಾಸ್ಟಿಕ್ ಕಿಟಕಿಯ ಒಳಮೈಯಲ್ಲಿ ಬೆಳಗಾಗುವಷ್ಟರಲ್ಲಿ ಬಿಳೀ ಪರದೆ. ಆ ಕಿಟಕಿಗೆ ಹೀಟರ್ ತಂತಿ ಇಲ್ಲ. ಕೆರೆಯುವ ಹಾಗೂ ಇಲ್ಲ. ಸಿಕ್ಕ ಉಪಾಯ ಸುಲಭದ್ದು. ಗಾಡಿ ನಿಲ್ಲಿಸಿದ ತಕ್ಷಣ ಎರಡೂ ಬಾಗಿಲು ತೆಗೆದು ಸ್ವಲ್ಪ ಹೊತ್ತು ಬಿಡುವುದು. ಒಳಗಿನ ಬೆಚ್ಚಗಿನ ಒದ್ದೆ ಗಾಳಿ ಹೋಗಿ ಹೊರಗಿನ ಒಣ ಚಳಿಗಾಳಿ ಬರುತ್ತದೆ. ಆಮೇಲೆ ಮುಚ್ಚಿದರೆ ಕಿಟಕಿಯ ಮೇಲೆ ಕೂರಲು ತೇವವೇ ಉಳಿದಿರುವುದಿಲ್ಲ. ಪಕ್ಕದ ಮನೆಯವರು ಕಿಟಕಿಯಿಂದ ನೋಡಿದ್ದರೆ ಏನಂದುಕೊಂಡರೋ.

ಮಾರ್ಚ್: ಏನು ಉಳಿಯಿತು

ಸೀಟುಗಳನ್ನು ಮುಂದೆ ಸರಿಸಿ ಹಿಂದಿನ ಕಾರ್ಪೆಟ್ ಅಡಿಗೆ ಕೈ ಹಾಕಿದೆ. ಬಲಗಡೆ ಒಣ. ಎಡಗಡೆಯೂ ಒಣ, ಆದರೆ ಅಡಿಯ ಫೋಮ್ ತಣ್ಣಗೆ ತಾಗುತ್ತದೆ. ಪೇಪರ್ ಟವೆಲ್ ಒತ್ತಿ ಹಿಡಿದರೆ ನೀರಿನ ಗುರುತು ಬರಲಿಲ್ಲ. ಮುಗ್ಗಲು ವಾಸನೆಯೂ ಇಲ್ಲ.

ಒಂದು ಲೀಟರ್ ಪರೀಕ್ಷೆಯನ್ನು ಮತ್ತೆ ಮಾಡಿದೆ. ಬಲಗಡೆ ಮೊದಲಿನಂತೆಯೇ. ಎಡಗಡೆ ನೀರು ಪೂರ್ತಿ ಬಂತು, ಅಕ್ಟೋಬರಿಗಿಂತ ನಿಧಾನವಾಗಿ ಬಂತು. ಉಪ್ಪುಕೆಸರು ಬಾಯಿಗೆ ಮತ್ತೆ ಕೂತಿದೆ. ಕೆಳಬಾಯಿ ಮುಚ್ಚದ ಹಾಗೆ, ಚಕ್ರದ ಎರಚಾಟ ನೇರ ತಾಗದ ಹಾಗೆ ಒಂದು ರಬ್ಬರ್ ತುಂಡನ್ನು ಅಡ್ಡ ಕೊಡುವ ಆಲೋಚನೆ ಇದೆ.

ತೇಪೆಯ ಮೇಲಿನ ಅಂಚು ಅಕ್ಕಿಕಾಳಿನಷ್ಟು ಎದ್ದಿತ್ತು. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಒತ್ತಿದರೆ ಅಂಟು ಮತ್ತೆ ಹಿಡಿಯಿತು. ಎಚ್‌ಎಚ್-66ರಲ್ಲಿ ಈ ಅನುಕೂಲ ಇದೆ.

ಕಿಟಕಿಯಲ್ಲಿ ಹೊಸ ಬಿರುಕು ಬಂದಿಲ್ಲ. ಹಳೇ ಗೆರೆಗಳು ಇನ್ನಷ್ಟು ಬೆಳ್ಳಗಾಗಿವೆ, ರಾತ್ರಿ ಹಿಂದಿನ ಕಾರಿನ ಬೆಳಕು ಬಿದ್ದರೆ ಏನೂ ಕಾಣುವುದಿಲ್ಲ. 1998ರಲ್ಲಿ ಬಂದ ಎರಡನೇ ಪೀಳಿಗೆಯ ಮಿಯಾಟಾಗೆ ಹೀಟರ್ ತಂತಿ ಇರುವ ಗಾಜಿನ ಕಿಟಕಿ ಕೊಟ್ಟರು. ಆ ಟಾಪ್ ಈ ಕಾರಿನ ಚೌಕಟ್ಟಿಗೂ ಕೂರುತ್ತದೆ. ಜೂನ್‌ನಲ್ಲಿ ಅದನ್ನು ಹಾಕುವ ಲೆಕ್ಕಾಚಾರ ನಡೆದಿದೆ, ಬಟ್ಟೆಯದ್ದೋ ವಿನೈಲೋ ಅನ್ನೋದು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಹೇಗೂ ಆಗ 10 ಎಂಎಂ ನಟ್‌ಗಳನ್ನೆಲ್ಲ ಬಿಚ್ಚಬೇಕು. ರೇನ್ ರೈಲನ್ನು ಈಗಲೇ ಆರ್ಡರ್ ಮಾಡಿದ್ದೇನೆ.